ಚಂಡಮಾರುತ ದೂರದಲ್ಲಿದ್ದರೆ ಕರಾವಳಿಗೆ ಮಳೆ ಬರುತ್ತದಾ?

ಪ್ರಶ್ನೆ: ಮೇ ಕೊನೆಯಲ್ಲಿ ಅರಬ್ಬಿ ಸಮುದ್ರದಲ್ಲಿ 700–800 ಕಿ.ಮೀ. ಆಚೆ ಚಂಡಮಾರುತ ಎದ್ದರೆ ಉಡುಪಿ, ಮಂಗಳೂರಿಗೆ ಮಳೆ ಇರುತ್ತದಾ? ಅಂಗಳದಲ್ಲಿ ಅಡಿಕೆ ಇನ್ನೂ ಒಣಗಬೇಕು. ಮುಂಗಾರು ಬೇಗ ಬರಬಹುದಾ?

ಉತ್ತರ 1: ದೂರಕ್ಕಿಂತ ದಾರಿ ಮುಖ್ಯ. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ಹೋದಂತೆ ಕರಾವಳಿಯ ಉದ್ದಕ್ಕೂ ಉತ್ತರಕ್ಕೆ ಏರಿದರೆ ಜೋರು ಮಳೆ, ಗಾಳಿ ಖಂಡಿತ. ಒಮಾನ್ ಕಡೆ ತಿರುಗಿದರೆ ತೇವಾಂಶವನ್ನೂ ಅತ್ತಲೇ ಎಳೆದುಕೊಳ್ಳುತ್ತದೆ, ಇಲ್ಲಿ ಹೆಚ್ಚಾಗಿ ಬರೀ ಸೆಖೆ. ಚಂಡಮಾರುತದ ಬೆನ್ನಿಗೇ ಮುಂಗಾರು ಅಂದುಕೊಳ್ಳಬೇಡಿ. 2023ರಲ್ಲಿ ಬಿಪರ್‌ಜೋಯ್ ಚಂಡಮಾರುತ ಕಡಲಲ್ಲಿದ್ದಾಗ ಕೇರಳಕ್ಕೆ ಮುಂಗಾರು ಮುಟ್ಟಿದ್ದು ಜೂನ್ 8ಕ್ಕೆ; ವಾಡಿಕೆ ಜೂನ್ 1.

ಉತ್ತರ 2: ಹವಾಮಾನ ಇಲಾಖೆಯ ನಕ್ಷೆಯಲ್ಲಿ ಚಂಡಮಾರುತದ ಅಂದಾಜು ದಾರಿ ತೋರಿಸುವ ನಡುಗೆರೆಯನ್ನಷ್ಟೇ ನೋಡುವುದು ದೊಡ್ಡ ತಪ್ಪು. ಆ ಗೆರೆಯ ಸುತ್ತ ಅಗಲವಾಗುತ್ತಾ ಹೋಗುವ ಶಂಕುವಿನೊಳಗೆ ಚಂಡಮಾರುತದ ಕೇಂದ್ರ ಎತ್ತ ಬೇಕಾದರೂ ಸರಿಯಬಹುದು, ಮಳೆ ಶಂಕುವಿನ ಹೊರಗೂ ಸುರಿಯುತ್ತದೆ. ಗಾಳಿ ಗಂಟೆಗೆ 62 ಕಿ.ಮೀ. ಮುಟ್ಟಿದ ಮೇಲಷ್ಟೇ ಹೆಸರಿಡುತ್ತಾರೆ; ಹೆಸರಿಲ್ಲದ ವಾಯುಭಾರ ಕುಸಿತವೂ ಅಂಗಳದ ಅಡಿಕೆ ನೆನೆಸಲು ಸಾಕು. ಸಂಜೆಗೇ ರಾಶಿ ಮಾಡಿ ಟಾರ್ಪಾಲ್ ಹೊದಿಸಿ, ಬಿಸಿಲು ಬಂದ ಕೂಡಲೇ ಹರವಿ. ಮುಚ್ಚಿಟ್ಟೇ ಬಿಟ್ಟರೆ ಬೂಸ್ಟು ಹಿಡಿಯುತ್ತದೆ.

ಉತ್ತರ 3: ದೋಣಿಯವರಿಗೆ ಒಂದು ಮಾತು. ಆಕಾಶ ತಿಳಿಯಾಗಿದ್ದರೂ ದೂರದ ಚಂಡಮಾರುತದ ಉಬ್ಬಲೆ (ದೂರದಿಂದ ಉರುಳಿ ಬರುವ ಉದ್ದನೆಯ ಅಲೆ) ದಡ ಮುಟ್ಟುತ್ತದೆ. ಅಳಿವೆ ಬಾಯಿಯಲ್ಲಿ ನೀರು ಆಳವಿಲ್ಲ, ಅಲೆ ಅಲ್ಲೇ ಎದ್ದು ಒಡೆಯುತ್ತದೆ. ದೋಣಿ ಮಗುಚುವುದೂ ಅಲ್ಲೇ. ಇನ್‌ಕಾಯಿಸ್‌ನ (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸಂಸ್ಥೆ) ಅಲೆ ಎಚ್ಚರಿಕೆ ನೋಡದೆ ದಯವಿಟ್ಟು ಇಳಿಯಬೇಡಿ.