ಸೊರಾರಿಟಿ ಅಂದ್ರೆ ಏನವಾ ಅದು?

ಯುಗಾದಿ ಕಾರ್ಯಕ್ರಮದ ಕೋಲಾಟ ಪ್ರಾಕ್ಟೀಸ್ ಮುಗಿಸಿ ಡಲ್ಲಾಸಿನ ನಮ್ಮ ಮೈಸೂರಿನವಳ ಮನೆಯಲ್ಲಿ ಕೂತಿದ್ದೆವು. ಚುರುಮುರಿ ಇನ್ನೂ ಕಲಸುತ್ತಿದ್ದಳು, ಅಷ್ಟರಲ್ಲೇ ಮುಖ ಊದಿಸಿಕೊಂಡು ಶುರು ಮಾಡಿದಳು.

"ನನ್ನ ಮಗಳು ಆಗಸ್ಟ್‌ನಲ್ಲಿ ಕಾಲೇಜಿಗೆ ಹೋದ ಕೂಡಲೇ ಸೊರಾರಿಟಿ ಸೇರ್ತಾಳಂತೆ."

ಮಗನ ಮನೆಗೆ ಅಂತ ಆರು ತಿಂಗಳಿಗೆ ಬಂದಿರುವ ಹುಬ್ಬಳ್ಳಿ ಅಕ್ಕ ಗಾಬರಿಯಾದರು. "ಸಾರಿ ಯಾಕ? ಏನ್ ತಪ್ಪ ಮಾಡ್ಯಾಳ?"

ನಾನು ಬಿಡಿಸಿ ಹೇಳಿದೆ. ಕಾಲೇಜು ಹುಡುಗಿಯರ ಸಂಘ, ಹೆಸರೆಲ್ಲ ಗ್ರೀಕ್ ಅಕ್ಷರ. ಹುಡುಗರದ್ದಕ್ಕೆ ಫ್ರಟರ್ನಿಟಿ ಅಂತಾರೆ. 1874ರಲ್ಲಿ ಸಿರಾಕ್ಯೂಸ್ ಯೂನಿವರ್ಸಿಟಿಯಲ್ಲಿ ಶುರುವಾದ ಗ್ಯಾಮಾ ಫೈ ಬೀಟಾ ಅನ್ನೋ ಸಂಘಕ್ಕೆ ಅಲ್ಲಿನ ಲ್ಯಾಟಿನ್ ಮೇಷ್ಟ್ರು, ಹುಡುಗಿಯರಿಗೆ ಫ್ರಟರ್ನಿಟಿ ಅನ್ನೋ ಹೆಸರು ಯಾಕೆ ಅಂತ, ಅಕ್ಕತಂಗಿಗೆ ಲ್ಯಾಟಿನ್‌ನಲ್ಲಿ ಇರುವ 'ಸೊರೊರ್' ಪದದಿಂದ ಈ ಹೆಸರು ಹೊಳೆಯಿಸಿಕೊಟ್ಟರು.

"ಅಕ್ಷರ ಗ್ರೀಕರದು, ಹೆಸರು ಲ್ಯಾಟಿನ್‌ದು, ರೊಕ್ಕ ನಮ್ಮದು!" ಅಂದರು ಅಕ್ಕ.

"ರೊಕ್ಕದ ಮಾತು ಬಿಡಿ ಅಕ್ಕ, ಚಂದಾ ಬೇರೆ, ಟೀ ಶರ್ಟ್ ಬೇರೆ, ಮೀಟಿಂಗ್ ತಪ್ಪಿಸಿದ್ರೆ ಎಷ್ಟೋ ಕಡೆ ದಂಡ ಬೇರೆ. ಅದಕ್ಕಿಂತ ಜಾಸ್ತಿ ಕಿರಿಕಿರಿ ಆ ರಶ್‌ದು" ಅಂದಳು ಮೈಸೂರಿನವಳು. ರಶ್ ಅಂದರೆ ಆಯ್ಕೆ. ದೊಡ್ಡ ಕಾಲೇಜುಗಳಲ್ಲಿ ಕ್ಲಾಸ್ ಶುರುವಾಗೋ ಮೊದಲೇ, ಆ ಸುಡು ಬಿಸಿಲಲ್ಲಿ ಹುಡುಗಿಯರು ಅಲಂಕಾರ ಮಾಡಿಕೊಂಡು ಒಂದೊಂದೇ ಸೊರಾರಿಟಿ ಮನೆಗೆ ಹೋಗಬೇಕು. ಒಳಗಿರೋ ಸೀನಿಯರ್‌ಗಳು ಯಾವ ಊರು, ಏನು ಓದ್ತೀಯ ಅಂತ ನಗುನಗುತ್ತಾ ವಿಚಾರಿಸುತ್ತಾರೆ. ಸುತ್ತು ಸುತ್ತಿಗೂ ಮನೆಗಳು ಕಡಿಮೆಯಾಗುತ್ತಾ ಹೋಗುತ್ತವೆ.

"ಹೆಣ್ಣು ನೋಡೋ ಶಾಸ್ತ್ರ ಅನ್ನು! ನಾ ಏಳು ಸಲ ಚಹಾ ತಂದು ಕೊಟ್ಟಾಕಿ. ಏಳನೇದ್ದು ನಿಮ್ಮ ಕಾಕಾರು."

"ಇಲ್ಲಿ ಹುಡುಗಿದೂ ಪಟ್ಟಿ ಇರುತ್ತೆ ಅಕ್ಕ. ಕೊನೆಗೆ ಎರಡೂ ಕಡೆಯವರ ಪಟ್ಟಿ ಹೊಂದಿಸಿ ನೋಡ್ತಾರೆ."

"ಹಂಗಿದ್ದಿದ್ರ ಏಳನೇದ್ದೂ ಆಗತಿದ್ದಿಲ್ಲ ಬಿಡು."

ಮೈಸೂರಿನವಳಿಗೆ ನಗು ಬರಲಿಲ್ಲ. ಅವಳ ನಿಜವಾದ ಚಿಂತೆ ಕುಡಿತ. ಪ್ಯಾನ್‌ಹೆಲೆನಿಕ್ ಅನ್ನೋ ಒಕ್ಕೂಟಕ್ಕೆ ಸೇರಿದ ಸೊರಾರಿಟಿ ಮನೆಗಳಲ್ಲಿ ಸಾಮಾನ್ಯವಾಗಿ ಮದ್ಯ ನಿಷೇಧ ಕಣೇ ಅಂದೆ. "ಗೊತ್ತು, ಅದಕ್ಕೇ ಪಾರ್ಟಿ ಫ್ರಟರ್ನಿಟಿ ಹುಡುಗರ ಮನೇಲಿ. ಇನ್ನೂ ಚೆನ್ನಾಯ್ತು!" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಸುಮ್ನೆ ಚುರುಮುರಿ ತಿಂದೆ.

ಆಮೇಲೆ ನೆನಪಾಯಿತು. "ನಮ್ಮ ಕಡೆ ಹುಡುಗಿಯರದ್ದೇ ಇದೆಯಲ್ಲ, ಡೆಲ್ಟಾ ಫೈ ಒಮೇಗಾ, 1998ರಲ್ಲಿ ಹ್ಯೂಸ್ಟನ್‌ನಲ್ಲಿ ಶುರುವಾಗಿದ್ದು. ಕಮಲಾ ಹ್ಯಾರಿಸ್ ಕೂಡ ಸೊರಾರಿಟಿಯವರೇ ಗೊತ್ತಾ, ಆಲ್ಫಾ ಕಪ್ಪಾ ಆಲ್ಫಾ." ಅದು 1908ರಲ್ಲಿ ಹೊವಾರ್ಡ್ ಯೂನಿವರ್ಸಿಟಿಯಲ್ಲಿ ಕಪ್ಪು ಹೆಣ್ಣುಮಕ್ಕಳು ತಮಗಾಗಿ ಕಟ್ಟಿಕೊಂಡ ಸಂಘ, ಅದರ ಕಥೆಯೇ ಬೇರೆ ಅಂತ ಹೇಳಹೊರಟೆ. ಇವಳು ಕೇಳಿಸಿಕೊಂಡರೆ ತಾನೇ! ವೈಸ್ ಪ್ರೆಸಿಡೆಂಟ್ ಆಗಿದ್ದವರ ಹೆಸರು ಬಂದದ್ದೇ ತಡ, ಮುಖ ಅರಳಿಬಿಟ್ಟಿತು. ನಮ್ಮವರೇ ಹೀಗೆ, ದೊಡ್ಡ ಹುದ್ದೆ ಕಂಡರೆ ಚಂದಾ ಕಡಿಮೆ ಆದ ಹಾಗೆ ಕಾಣುತ್ತೆ.

ಅಷ್ಟರಲ್ಲಿ ಮಗಳು ಮೆಟ್ಟಿಲಿಳಿದು ಬಂದಳು. ನನ್ನನ್ನೂ ಅವಳಮ್ಮನನ್ನೂ ಅಡಿಯಿಂದ ಮುಡಿವರೆಗೆ ನೋಡಿದಳು. ಇಬ್ಬರದ್ದೂ ಅದೇ ಗಿಳಿಹಸಿರು ಸೀರೆ, ಅದೇ ಕೆಂಪು ಬ್ಲೌಸ್, ಕೋಲಾಟದ ಯೂನಿಫಾರ್ಮ್.

"ಅಮ್ಮಾ, ಒಂದೇ ಥರ ಬಟ್ಟೆ, ವರ್ಷಕ್ಕೊಂದು ಚಂದಾ, ಪ್ರಾಕ್ಟೀಸಿಗೆ ಬರದೇ ಇರೋರ ಬಗ್ಗೆ ಮಾತು. ನಿಮ್ಮದು ಯಾವ ಸೊರಾರಿಟಿ?"

ನಾವಿಬ್ಬರೂ ತೆಪ್ಪಗಾದೆವು. ಅಕ್ಕ ತಮ್ಮ ಇಳಕಲ್ ಸೀರೆಯ ಸೆರಗು ಸರಿಮಾಡಿಕೊಂಡು ಹೇಳಿದರು:

"ನನ್ನ ಕೇಳಬ್ಯಾಡವಾ. ಬಂದು ಮೂರು ತಿಂಗಳಾತು, ನನಗ ಇನ್ನೂ ಹಸಿರ ಸೀರಿ ಕೊಟ್ಟಿಲ್ಲ ಇವರು."