ಅಪ್‌ಡೇಟ್: ಜೀಪಿನ ಫ್ಯಾನ್ ಈಗ ತಾನಾಗಿಯೇ ಆನ್ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ಜೀಪಿನ ರೇಡಿಯೇಟರಿಗೆ (ಎಂಜಿನ್ ನೀರು ತಣಿಸುವ ಭಾಗ) ಎಲೆಕ್ಟ್ರಿಕ್ ಫ್ಯಾನ್ ಹಾಕಿದ ಮೇಲೆ ಡ್ಯಾಶ್‌ಬೋರ್ಡ್ ಸ್ವಿಚ್ ಕಾದು ಕರಗುತ್ತಿದೆ ಎಂದು ಕೇಳಿದ್ದೆ. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕಿ ಎಂದಿರಿ. ಹಾಕಿದೆ, ಸರಿಹೋಯಿತು.

ತಪ್ಪು ನನ್ನದೇ. ಫ್ಯಾನಿನ ಪೂರ್ತಿ ಕರೆಂಟನ್ನು ಆ ಸಣ್ಣ ಸ್ವಿಚ್ಚಿನಲ್ಲೇ ಹರಿಸಿದ್ದೆ. ಈಗ ಬ್ಯಾಟರಿಯಿಂದ ದಪ್ಪ ವೈರ್, ಪಕ್ಕದಲ್ಲೇ 30 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್. 87ರಿಂದ ಫ್ಯಾನಿಗೆ. 86ಕ್ಕೆ ಇಗ್ನಿಷನ್ ಲೈನ್ (ಕೀ ತಿರುಗಿಸಿದಾಗ ಕರೆಂಟ್ ಬರುವ ವೈರ್). 85 ರೇಡಿಯೇಟರಿನ ಥರ್ಮೋ ಸ್ವಿಚ್ಚಿಗೆ. ನೀರು ಕಾದಾಗ ಅದು ಅರ್ತ್ (ಬ್ಯಾಟರಿಯ ಮೈನಸ್‌ಗೆ ಸೇರಿದ ಗಾಡಿಯ ಬಾಡಿ) ಕೊಡುತ್ತದೆ, ರಿಲೇ ಎಳೆದುಕೊಂಡು ಫ್ಯಾನ್ ಆನ್ ಮಾಡುತ್ತದೆ. ಹೊಸ ಡ್ಯಾಶ್‌ಬೋರ್ಡ್ ಸ್ವಿಚ್ಚನ್ನೂ 85ರಿಂದ ಅರ್ತ್‌ಗೆ ಕೊಟ್ಟೆ. ಥರ್ಮೋ ಸ್ವಿಚ್ ಕೈಕೊಟ್ಟರೆ ನಾವೇ ಹಾಕಬಹುದು, ಅಲ್ವಾ?

ಮೊದಲ ದಿನ ರಿಲೇ ಟಿಕ್ ಎಂದರೂ ಫ್ಯಾನ್ ತಿರುಗಲಿಲ್ಲ. ಅರ್ಧ ದಿನ ಸುಮ್ನೆ ಹೋಯಿತು. ಫ್ಯಾನಿನ ಅರ್ತ್ ವೈರನ್ನು ಪೇಂಟ್ ಮೇಲೆಯೇ ಬಿಗಿದಿದ್ದೆ. ಪೇಂಟ್ ಉಜ್ಜಿ ತೆಗೆದು ಬಿಗಿದ ತಕ್ಷಣ ತಿರುಗಿತು. ಬಹಳ ಖುಷಿಯಾಯಿತು.

ಭಾನುವಾರ ಮಧ್ಯಾಹ್ನದ ಬಿಸಿಲಿನಲ್ಲೇ ಚಿತ್ರದುರ್ಗದಿಂದ ದಾವಣಗೆರೆಗೆ ಹೋದೆ. ಹೈವೇಯಲ್ಲಿ ಗಾಳಿಯೇ ಸಾಕಾಯಿತು. ಗಾಂಧಿ ಸರ್ಕಲ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಾಗ ಫ್ಯಾನ್ ಆನ್ ಆಯಿತು, ಟೆಂಪರೇಚರ್ ಮೀಟರಿನ ಮುಳ್ಳು ಮೇಲೇರಲಿಲ್ಲ. ಸ್ವಿಚ್ ಮುಟ್ಟಿ ನೋಡಿದೆ, ತಣ್ಣಗಿತ್ತು.