ಮಿಂಟ್ ಹಾಕಲೋ, ನೇರ ಡೆಬಿಯನ್ನೇ ಹಾಕಲೋ?

ಪ್ರಶ್ನೆ, ತೀರ್ಥಹಳ್ಳಿಯಿಂದ:
ಅಪ್ಪಯ್ಯನ ಅಡಿಕೆ ಲೆಕ್ಕಕ್ಕೆ ಹಳೇ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್. ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಮಿಂಟ್, ಉಬುಂಟು, ಡೆಬಿಯನ್ ಮೂರೂ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗಳೇ; ಮಿಂಟ್ ನಿಂತಿರೋದು ಉಬುಂಟು ಮೇಲೆ, ಉಬುಂಟು ಡೆಬಿಯನ್ ಮೇಲೆ. ಹಾಗಾದ್ರೆ ಬುಡಕ್ಕೇ ಹೋಗಬಾರದಾ?

ಉತ್ತರ, ಸಾಗರದಿಂದ:
ನಾನು ಆರೇಳು ವರ್ಷದಿಂದ ಡೆಬಿಯನ್‌ನಲ್ಲೇ ಇದ್ದೀನಿ, ಅದರ ಮೇಲೆ ನಂಗೆ ಪ್ರೀತಿ. 1993ರಿಂದ ಸ್ವಯಂಸೇವಕರು ಕಟ್ಟಿಕೊಂಡು ಬಂದದ್ದು. ಆದ್ರೆ ಮೊದಲ ಸಲ ಹಾಕಿದಾಗ ವೈಫೈ ಫರ್ಮ್‌ವೇರ್ (ವೈಫೈ ಚಿಪ್ ಓಡಿಸೋ ತಂತ್ರಾಂಶ) ಸಿಗದೆ, ಜಡಿಮಳೆಯಲ್ಲಿ ಫೋನಿನ ಕೇಬಲ್ ಸಿಕ್ಕಿಸಿಕೊಂಡು ರಾತ್ರಿಯಿಡೀ ಕೂತಿದ್ದೆ. 2023ರ ಡೆಬಿಯನ್ 12ರಿಂದ ಅದು ಇನ್‌ಸ್ಟಾಲರ್ ಜೊತೆಗೇ ಬರುತ್ತೆ, ದೊಡ್ಡ ಉಪಕಾರ. ಆದರೂ ಅಪ್ಪಯ್ಯಂಗೆ ಮಿಂಟೇ ಕೊಡಿ, ಹಗುರ ಡೆಸ್ಕ್‌ಟಾಪ್ ಇರೋ ಎಕ್ಸ್‌ಎಫ್‌ಸಿಇ ಆವೃತ್ತಿ. ಸಿಸ್ಟಂನ ನಕಲು ತೆಗೆದಿಡೋ ಟೈಮ್‌ಶಿಫ್ಟ್ ಅದರಲ್ಲೇ ಇರುತ್ತೆ, ಮೊದಲ ದಿನವೇ ಆನ್ ಮಾಡಿ. ಅಪ್‌ಡೇಟ್ ಮಧ್ಯೆ ಕರೆಂಟ್ ಹೋಗಿ ಸಿಸ್ಟಂ ಕೆಟ್ರೆ ಹಿಂದಿನ ಸ್ಥಿತಿಗೆ ತರಬಹುದು. ಲೆಕ್ಕದ ಫೈಲು ಮಾತ್ರ ಬೇರೆ ಪೆನ್‌ಡ್ರೈವ್‌ಗೆ ಹಾಕಿಡಿ, ಟೈಮ್‌ಶಿಫ್ಟ್ ಅದನ್ನ ಕಾಯಲ್ಲ.

ಉತ್ತರ, ಹೊಸನಗರದಿಂದ:
ಎಲ್‌ಎಂಡಿಇ (ಲಿನಕ್ಸ್ ಮಿಂಟ್ ಡೆಬಿಯನ್ ಎಡಿಷನ್) ಕೂಡ ಇದೆ. ಮಿಂಟ್‌ನದೇ ಮುಖ, ಕೆಳಗೆ ನೇರ ಡೆಬಿಯನ್. ಸಿನಮನ್ ಡೆಸ್ಕ್‌ಟಾಪ್ ಒಂದೇ ಸಿಗೋದು, 4 ಜಿಬಿಗೆ ಸ್ವಲ್ಪ ಭಾರ.

ಪ್ರಶ್ನೆ ಕೇಳಿದವರು:
ಎಕ್ಸ್‌ಎಫ್‌ಸಿಇ ಹಾಕಿದೆ. ಲಿಬ್ರೆಆಫೀಸ್‌ನಲ್ಲಿ ಅಪ್ಪಯ್ಯನ ಹೋದ ವರ್ಷದ ಲೆಕ್ಕ ತೆರೀತು.